ಅಪ್ಪನಿಗೆ ಹೆಣೆಯುತ್ತಿರುವ ಮಫ್ಲರ್ ದಿನಾ ಸಣ್ಣದಾಗುತ್ತಿದೆ, ಏನು ಮಾಡಲಿ?

ಪ್ರಶ್ನೆ – ಭಾಲ್ಕಿ ತಾಲ್ಲೂಕಿನಿಂದ

ಎಲ್ಲರಿಗೂ ನಮಸ್ಕಾರ. ನಾನು ಕ್ರೋಶಾ ಕಡ್ಡಿ ಹಿಡಿದು ಹದಿನೆಂಟು ದಿನ ಆಯಿತು. ಅಪ್ಪನಿಗೆ ಒಂದು ಮಫ್ಲರ್ ಹೆಣೆಯುತ್ತಿದ್ದೇನೆ. ಎರಡೂ ತುದಿಗೆ ಕುಚ್ಚು ಇರಬೇಕು ಅಂತ ಆಸೆ. ಈಗ ತೊಗರಿ ರಾಶಿಯ ಸಮಯ, ಅಪ್ಪ ರಾತ್ರಿ ಹೊಲದಲ್ಲೇ ಮಲಗುತ್ತಾರೆ. ಹಂದಿ ಕಾಟ ಬೇರೆ. ನಮ್ಮ ಕಡೆ ಡಿಸೆಂಬರ್ ಚಳಿ ಹೇಗಿರುತ್ತೆ ಅಂತ ನಿಮಗೆ ಗೊತ್ತೇ ಇದೆ. ಅವರು ಕಿವಿಗೆ ಸುತ್ತಿಕೊಳ್ಳುವುದು ಒಂದು ಹಳೆಯ ಟವೆಲ್. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತೇವಲ್ಲ, ಅವತ್ತು ಇದನ್ನು ಅವರ ಕೊರಳಿಗೆ ಹಾಕಬೇಕು. ಇನ್ನು ಹನ್ನೆರಡು ದಿನ ಇದೆ.

ತೊಂದರೆ ಏನಂದರೆ, ವಿಡಿಯೋ ನೋಡಿ ಶುರುವಿಗೆ 32 ಚೈನ್, ಅಂದರೆ ಕುಣಿಕೆಗಳ ಸರಪಳಿ, ಹಾಕಿದೆ. ಕಡ್ಡಿ 5 ಎಂ.ಎಂ., ದಾರ ದಪ್ಪ ಉಲ್ಲನ್, ಕೆಂಪು ಬಣ್ಣ. ಡಬಲ್ ಕ್ರೋಶಾದಲ್ಲಿ ಮೊದಲ ಸಾಲು ಮುಗಿಸಿ ಎಣಿಸಿದಾಗ ಸರಿಯಾಗಿ 30 ಸ್ಟಿಚ್ ಇತ್ತು. ಈಗ 16ನೇ ಸಾಲು. ನಿನ್ನೆ ರಾತ್ರಿ ಚಾಪೆ ಮೇಲೆ ಹರಡಿ ನೋಡಿದರೆ ಎರಡೂ ಅಂಚು ಒಳಗೆ ಸರಿದಿವೆ. ಎಣಿಸಿದೆ, 24! ನಡುವೆ ಎಲ್ಲೂ ಬಿಟ್ಟಿಲ್ಲ, ಒಂದೊಂದೂ ನೋಡಿಕೊಂಡೇ ಹಾಕಿದ್ದೇನೆ. ಶುರುವಿನ ಅಂಚು ಬೇರೆ ಬಿಗಿದುಕೊಂಡು ಬಿಲ್ಲಿನ ಹಾಗೆ ಬಾಗಿದೆ.

ಇನ್ನೊಂದು ವಿಡಿಯೋ ನೋಡಿದರೆ ಅಲ್ಲಿ ಡಬಲ್ ಕ್ರೋಶಾ ಅಂದರೆ ಗಿಡ್ಡನೆಯ ಬೇರೆಯದೇ ಸ್ಟಿಚ್. ಯಾವುದು ಸರಿ? ಬಿಚ್ಚದೆ ಸರಿ ಮಾಡಬಹುದಾ? ಕುಚ್ಚಿಗೆ ಎಷ್ಟು ದಾರ ಎತ್ತಿಡಬೇಕು? 100 ಗ್ರಾಂನ ಎರಡು ಉಂಡೆ ತಂದಿದ್ದೆ, ಒಂದರಲ್ಲಿ ಮೂರನೇ ಒಂದು ಭಾಗ ಮುಗಿದಿದೆ.

ಉತ್ತರ – ಬೀದರ್‌ನಿಂದ

ತಂಗಿ, ಬಿಚ್ಚಲೇಬೇಕು. ಆದರೆ ಹೆದರಬೇಡ. ಕ್ರೋಶಾದಲ್ಲಿ ಕಡ್ಡಿ ಮೇಲೆ ಇರುವುದು ಒಂದೇ ಕುಣಿಕೆ. ಅದನ್ನು ಬಿಟ್ಟು ದಾರ ಎಳೆದರೆ ಸಾಲು ಸಾಲಾಗಿ ಬಿಚ್ಚಿಕೊಂಡು ಬರುತ್ತದೆ. ಎಲ್ಲಿ ನಿಲ್ಲಿಸುತ್ತೀಯೋ ಅಲ್ಲಿಂದಲೇ ಮತ್ತೆ ಹೆಣೆಯಬಹುದು.

ಹೆಸರಿನ ವಿಷಯ ಮೊದಲು. ಅಮೆರಿಕದವರು ಡಬಲ್ ಕ್ರೋಶಾ ಅನ್ನುವುದನ್ನು ಬ್ರಿಟನ್ನಿನವರು ಟ್ರೆಬಲ್ ಅನ್ನುತ್ತಾರೆ. ಅಮೆರಿಕದ ಸಿಂಗಲ್, ಬ್ರಿಟನ್ನಿನವರಿಗೆ ಡಬಲ್. ನೀನು ನೋಡಿದ ವಿಡಿಯೋ ಎರಡೂ ಸರಿ, ಊರು ಬೇರೆ ಅಷ್ಟೆ. ನಮ್ಮ ಅತ್ತೆ ಉದಗೀರ್ ಕಡೆಯವರು. ಚೈನ್‌ಗೆ ಸಾಖಳಿ, ಉದ್ದನೆಯದಕ್ಕೆ ಖಾಂಬ, ಗಿಡ್ಡದ್ದಕ್ಕೆ ಮುಕಾ ಖಾಂಬ, ನಡುವಿನದಕ್ಕೆ ಅರ್ಧಾ ಖಾಂಬ ಅಂತ ಮರಾಠಿಯಲ್ಲೇ ಕಲಿಸಿದರು. ನಮ್ಮ ಕಂಬವೇ ಅದು. ಆ ಹೆಸರಲ್ಲಿ ಗೊಂದಲವೇ ಇಲ್ಲ ನೋಡು.

ಈಗ ನಿನ್ನ ಆರು ಕಂಬ ಎಲ್ಲಿ ಹೋದವು ಅಂತ ಹೇಳುತ್ತೇನೆ. ಸಾಲು ತಿರುಗಿಸಿದಾಗ 3 ಚೈನ್ ಹಾಕುತ್ತೀಯಲ್ಲ, ಅದೇ ಆ ಸಾಲಿನ ಮೊದಲ ಕಂಬ. ಮುಂದಿನ ಸಾಲಿನಲ್ಲಿ ತಿರುಗಿ ಬರುವಾಗ ಕೊನೆಯ ಕಂಬವನ್ನು ಅದರ ನೆತ್ತಿಯ ಮೇಲೆ ಹಾಕಬೇಕು. ಆದರೆ ಅದು ಕಂಬದ ಹಾಗೆ ಕಾಣುವುದೇ ಇಲ್ಲ. ಅಂಚಿನಲ್ಲಿ ಸಣ್ಣ ಬಳ್ಳಿಯ ಹಾಗೆ ತಿರುಚಿಕೊಂಡು ಪಕ್ಕಕ್ಕೆ ಒರಗಿರುತ್ತದೆ. ಸಾಲು ಮುಗಿಯಿತು ಅಂತ ಕೈ ತಾನಾಗಿ ತಿರುಗಿಸಿಬಿಡುತ್ತದೆ. 15 ಸಾಲಿನಲ್ಲೂ ಬಿಟ್ಟಿದ್ದರೆ 15 ಹೋಗಬೇಕಿತ್ತು. ಆರೇ ಹೋಗಿವೆ ಅಂದರೆ ಒಂಬತ್ತು ಸಲ ನಿನ್ನ ಕಣ್ಣಿಗೆ ಅದು ಸಿಕ್ಕಿದೆ.

ಹೆಬ್ಬೆರಳ ಉಗುರಿನಿಂದ ಆ ಬಳ್ಳಿಯನ್ನು ಸ್ವಲ್ಪ ನಿನ್ನ ಕಡೆ ತಿರುಗಿಸು. ಮೂರನೇ ಚೈನಿನ ಎರಡು ಎಳೆ ಕಾಣುತ್ತವೆ. ಎರಡರ ಕೆಳಗೂ ಕಡ್ಡಿ ತೂರಿಸು. ಇನ್ನು ಮೇಲೆ 3 ಚೈನ್ ಹಾಕಿದ ತಕ್ಷಣ ಮೂರನೆಯದಕ್ಕೆ ಒಂದು ಸೇಫ್ಟಿ ಪಿನ್ ಸಿಕ್ಕಿಸಿಬಿಡು. ತಿರುಗಿ ಬಂದಾಗ ಪಿನ್ ಇದ್ದಲ್ಲಿ ಕೊನೆಯ ಕಂಬ. ನಾನು ಮೊದಲ ವರ್ಷ ಪೂರ್ತಿ ಹಾಗೇ ಹೆಣೆದೆ.

ಶುರುವಿನ ಅಂಚು ಬಾಗಿದ್ದು ಚೈನ್ ಬಿಗಿಯಾಗಿ ಹಾಕಿದ್ದಕ್ಕೆ. ಪೂರ್ತಿ ಬಿಚ್ಚುವುದಾದರೆ ಚೈನ್ ಮಾತ್ರ 6 ಎಂ.ಎಂ. ಕಡ್ಡಿಯಲ್ಲಿ ಹಾಕಿ, ಆಮೇಲೆ 5ಕ್ಕೆ ಬಾ. ಇನ್ನೊಂದು ಮಾತು. ಒಂದೂವರೆ ಮೀಟರ್ ಮಫ್ಲರಿಗೆ 200 ಗ್ರಾಂ ಸಾಲುವುದಿಲ್ಲ ಅನಿಸುತ್ತೆ. ಮೂರನೇ ಉಂಡೆ ತರುವಾಗ ಚೀಟಿ ಮೇಲಿನ ಲಾಟ್ ನಂಬರ್ ಒಂದೇ ಇದೆಯಾ ನೋಡು. ಲಾಟ್ ಬದಲಾದರೆ ಬಣ್ಣದಲ್ಲಿ ಗೆರೆ ಎದ್ದು ಕಾಣುತ್ತೆ.

ಉತ್ತರ – ಕಲಬುರಗಿಯಿಂದ

ನಾನು ಹನ್ನೊಂದು ವರ್ಷದಿಂದ ಸೀರೆಗೆ ಕುಚ್ಚು ಕಟ್ಟುತ್ತೇನೆ. ಕುಚ್ಚಿನ ಪ್ರಶ್ನೆಗೆ ನಾನು ಹೇಳುತ್ತೇನೆ ರೀ.

ಕುಚ್ಚಿನ ದಾರ ಮೊದಲೇ ಕತ್ತರಿಸಿ ಎತ್ತಿಡಿ. ಕೊನೆಗೆ ನೋಡೋಣ ಅಂದರೆ ಒಂದು ತುದಿಗೆ ಸಾಕಾಗಿ ಇನ್ನೊಂದಕ್ಕೆ ಸಾಲದೆ ಹೋಗುತ್ತೆ. ಲೆಕ್ಕ ಸುಲಭ. 30 ಸ್ಟಿಚ್‌ನಲ್ಲಿ ಒಂದು ಬಿಟ್ಟು ಒಂದಕ್ಕೆ ಕಟ್ಟಿದರೆ ಒಂದು ತುದಿಗೆ 15, ಎರಡಕ್ಕೂ ಸೇರಿ 30 ಕುಚ್ಚು. ಒಂದಕ್ಕೆ 3 ಎಳೆ ಅಂದರೆ 90 ಎಳೆ. 15 ಸೆಂ.ಮೀ. ಕುಚ್ಚು ಬೇಕಾದರೆ 18 ಸೆಂ.ಮೀ. ಅಗಲದ ರಟ್ಟಿಗೆ ದಾರವನ್ನು 90 ಸುತ್ತು ಸುತ್ತಿ, ಒಂದೇ ಕಡೆ ಕತ್ತರಿ ಹಾಕಿ. ಎಲ್ಲ 36 ಸೆಂ.ಮೀ. ಎಳೆ ಬರುತ್ತವೆ. ಒಟ್ಟು 32 ಮೀಟರ್ ಚಿಲ್ಲರೆ ದಾರ. ಸುತ್ತುವಾಗ ದಾರ ಎಳೆಯಬೇಡಿ. ಉಲ್ಲನ್ ಹಿಗ್ಗುತ್ತೆ, ಕತ್ತರಿಸಿದ ಮೇಲೆ ಗಿಡ್ಡ ಆಗುತ್ತೆ.

ಮೂರು ಎಳೆ ಸೇರಿಸಿ ನಡುವೆ ಮಡಚಿ. ಮಫ್ಲರಿನ ಹಿಂದಿನಿಂದ ಕಡ್ಡಿ ತೂರಿಸಿ ಆ ಮಡಿಕೆಯನ್ನು ಎಳೆಯಿರಿ, ಕುಣಿಕೆ ಬರುತ್ತೆ. ಬಾಲಗಳನ್ನೆಲ್ಲ ಆ ಕುಣಿಕೆಯೊಳಗೆ ಹಾಕಿ ಎಳೆದರೆ ಗಂಟು ಬಿತ್ತು. ಎಲ್ಲ ಗಂಟೂ ಒಂದೇ ಕಡೆಯಿಂದ ಹಾಕಿ, ಇಲ್ಲದಿದ್ದರೆ ಮುಖ ಬೇರೆ ಬೇರೆ ಕಾಣುತ್ತೆ. ಕೊನೆಗೆ ಟೇಬಲ್ ಅಂಚಿಗೆ ಹಾಸಿ ಬಾಚಣಿಗೆಯಿಂದ ಬಾಚಿ, ಆಮೇಲೆ ತುದಿ ಸಮ ಮಾಡಿ. ಬಾಚದೆ ಕತ್ತರಿಸಬೇಡಿ.

ಉತ್ತರ – ಯಾದಗಿರಿ ಜಿಲ್ಲೆ, ಶಹಾಪುರದಿಂದ

ನನಗೆ ಹೆಣಿಗೆ ಬರುವುದಿಲ್ಲ. ಆದರೆ ಹೊಲ ಕಾಯುವವನು ನಾನು, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಅಪ್ಪ ರಾತ್ರಿ ಬೆಂಕಿ ಹಾಕಿಕೊಂಡು ಕೂರುತ್ತಾರಾ? ನಾವೆಲ್ಲ ಕೂರುತ್ತೇವೆ. ಕಟ್ಟಿಗೆ ಮುಂದೂಡಲು ಬಗ್ಗಿದಾಗ ಮಫ್ಲರಿನ ತುದಿಯೇ ಮೊದಲು ಬೆಂಕಿಯ ಹತ್ತಿರ ಹೋಗುವುದು. ಅಂಗಡಿಯಲ್ಲಿ ಉಲ್ಲನ್ ಅಂತ ಕೊಡುವುದರಲ್ಲಿ ಜಾಸ್ತಿ ಅಕ್ರಿಲಿಕ್ ಇರುತ್ತೆ. ಅದು ಕರಗಿ ಮೈಗೆ ಅಂಟುತ್ತೆ, ತಂಗಿ. ನನ್ನ ಬಲಗೈ ಮೇಲೆ ಒಂದು ಸ್ವೆಟರಿನ ಕಲೆ ಇನ್ನೂ ಇದೆ. ಕುರಿ ಉಣ್ಣೆಯ ಕಂಬಳಿಗೆ ಕಿಡಿ ಬಿದ್ದರೆ ಕರಿ ಚುಕ್ಕೆಯಾಗಿ ಆರುತ್ತೆ, ಅಷ್ಟೆ.

ಒಂದು ತುಂಡು ದಾರ ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್. ಕುಚ್ಚು ಹಾಕಿ, ಚಂದವೇ. ಆದರೆ ನಾಲ್ಕು ಬೆರಳಿಗಿಂತ ಉದ್ದ ಬೇಡ. ಜಾಲಿ ಬೇಲಿಗೂ ಸಿಕ್ಕಿಕೊಳ್ಳುತ್ತೆ.

ಪ್ರಶ್ನೆ ಕೇಳಿದವಳು – ಆರು ದಿನದ ನಂತರ

ಸುಟ್ಟು ನೋಡಿದೆ. ಮಣಿ ಆಯಿತು. ಅವ್ವನನ್ನು ಕೇಳಿದೆ, ಅಪ್ಪ ದಿನಾ ರಾತ್ರಿ ಬೆಂಕಿ ಹಾಕುತ್ತಾರಂತೆ.

ಬೀದರ್‌ಗೆ ಹೋದ ಅಣ್ಣನ ಕೈಯಲ್ಲಿ ಪೂರ್ತಿ ಉಣ್ಣೆಯ ದಾರ ತರಿಸಿದೆ, ಬೂದು ಬಣ್ಣ, ಮೂರು ಉಂಡೆ, ಲಾಟ್ ಒಂದೇ. ಸ್ವಲ್ಪ ಚುಚ್ಚುತ್ತೆ, ಆದರೆ ಬೆಚ್ಚಗಿದೆ. ಬಿಸಿನೀರಲ್ಲಿ ಒಗೆದರೆ ಉಣ್ಣೆ ಕುಗ್ಗುತ್ತೆ ಅಂತ ಅವ್ವನಿಗೆ ಈಗಲೇ ಹೇಳಿಟ್ಟಿದ್ದೇನೆ. ಗಾಳಿ ನುಗ್ಗದಿರಲಿ ಅಂತ ಈ ಸಲ ಅರ್ಧಾ ಖಾಂಬ ಹೆಣೆಯುತ್ತಿದ್ದೇನೆ. 10 ಸೆಂ.ಮೀ. ರಟ್ಟಿಗೆ ಸುತ್ತಿ 90 ಎಳೆ ಕತ್ತರಿಸಿ ಡಬ್ಬಿಯಲ್ಲಿ ಎತ್ತಿಟ್ಟಿದ್ದೇನೆ. ಕೆಂಪು ದಾರ ಅವ್ವನ ಶಾಲಿಗೆ ಆಗುತ್ತೆ, ಅವಳು ಬೆಂಕಿಯ ಹತ್ತಿರ ಹೋಗುವಾಗ ತೆಗೆದಿಡುತ್ತಾಳೆ.

ಅಕ್ಕ, ಆ ಬಳ್ಳಿ ಕಂಡಿತು! ಕೆಂಪಿನದನ್ನು ಬಿಚ್ಚುವಾಗ ಒಂದೊಂದು ಸಾಲಿಗೂ ನಿಂತು ನೋಡಿದೆ. ಸರಿಯಾಗಿ ಆರು ಕಡೆ ಬಿಟ್ಟಿದ್ದೆ. ಬೂದು ಮಫ್ಲರ್ ಈಗ 41ನೇ ಸಾಲು. ಈಗಷ್ಟೇ ಎಣಿಸಿದೆ, 30 ಇದೆ.