ಹರಾಜಿಗೆ ಬಂದಿರುವ ಬಂಗಾರದ ಪೌಡರ್ ಡಬ್ಬಿ: ಎಷ್ಟರವರೆಗೆ ಕೂಗಬಹುದು?

ಕುಮಟಾ_ಮಗಳು:
ಎಲ್ಲರಿಗೂ ನಮಸ್ಕಾರ. ನಾನು ಬರ್ಮಿಂಗ್‌ಹ್ಯಾಮ್‌ನಲ್ಲಿದ್ದೇನೆ. ಬರುವ ಗುರುವಾರ ಇಲ್ಲೊಂದು ಹರಾಜಿದೆ. ಅದರಲ್ಲಿ ಹಳೇ ಕಾಲದ ಬಂಗಾರದ ಕಾಂಪ್ಯಾಕ್ಟ್ ಬರುತ್ತಿದೆ. ಅದೇ, ಹೆಂಗಸರು ಪರ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದ ಕನ್ನಡಿ ಇರುವ ಪೌಡರ್ ಡಬ್ಬಿ. ಅಂಗೈ ಅಗಲ, ಚೌಕ. ಮುಚ್ಚಳದ ತುಂಬ ಕೂದಲೆಳೆಯಂಥ ಗೆರೆ. ತೆರೆಯುವ ಗುಂಡಿಯ ಮೇಲೆ ಸಾಲಾಗಿ ಐದು ಕೆಂಪು ಹರಳು (ಮಾಣಿಕ್ಯ), ಆಚೀಚೆ ಒಂದೊಂದು ಸಣ್ಣ ವಜ್ರ. ಪಟ್ಟಿಯಲ್ಲಿ ಬರೆದಿರುವುದು ಇಷ್ಟು: 9 ಕ್ಯಾರೆಟ್, 1940ರ ದಶಕ, ಒಟ್ಟು ತೂಕ 112 ಗ್ರಾಂ, ಅಂದಾಜು 3,000ದಿಂದ 4,000 ಪೌಂಡ್.

ಅಪ್ಪ ಕುಮಟಾದಲ್ಲಿ ಬಂಗಾರದ ಕೆಲಸ ಮಾಡುತ್ತಿದ್ದರು. ಬೆಳ್ಳಿಯ ಸುಣ್ಣದ ಡಬ್ಬಿ ಮಾಡಿದರೆ ಕೀಲು ಕೂರಿಸಲಿಕ್ಕೇ ಅರ್ಧ ದಿನ ಹಿಡಿಯುತ್ತಿತ್ತು. ಮುಚ್ಚುವಾಗಿನ ಸದ್ದು ಕಿವಿಗೆ ಸರಿ ಬರದಿದ್ದರೆ ಮತ್ತೆ ಬಿಚ್ಚುತ್ತಿದ್ದರು. ಈ ಡಬ್ಬಿಯ ಫೋಟೋ ನೋಡಿದಾಗ ಮೊದಲು ಕಣ್ಣು ಹೋಗಿದ್ದು ಕೀಲಿನ ಕಡೆಗೇ. ಬಂಗಾರದ ಬೆಲೆ ಏರಿದ ಮೇಲೆ ಇಂಥವನ್ನು ಕರಗಿಸಲಿಕ್ಕೆಂದೇ ಕೊಳ್ಳುವವರಿದ್ದಾರೆ. ಇದು ಮೂಸೆಗೆ ಹೋಗಬಾರದು ಅಂತ ನನ್ನ ಆಸೆ.

ಮಂಗಳವಾರ ಕೈಗೆ ಕೊಟ್ಟು ನೋಡಲು ಬಿಡುತ್ತಾರೆ. ಏನೇನು ನೋಡಲಿ? ಕೆಂಪು ನಿಜವಾದದ್ದೇ ಇರಬಹುದಾ?

ನಗರ್ತಪೇಟೆ_ಕೆಲಸಗಾರ:
ತಂಗಿ, ಮೊದಲು ತೂಕ. ಒಟ್ಟು ತೂಕ ಅಂದರೆ ಕನ್ನಡಿ, ಒಳಗಿನ ಜಾಲರಿ ಎಲ್ಲ ಸೇರಿ. ಅದಕ್ಕೆ 20 ಗ್ರಾಂ ತೆಗೆಯಿರಿ. ಉಳಿದದ್ದು 92. 9 ಕ್ಯಾರೆಟ್ ಅಂದರೆ ಸಾವಿರದಲ್ಲಿ 375 ಪಾಲು ಬಂಗಾರ. ಅಲ್ಲಿಗೆ ಅಪ್ಪಟ ಬಂಗಾರ ಸುಮಾರು 34.5 ಗ್ರಾಂ. ಅವತ್ತಿನ 24 ಕ್ಯಾರೆಟ್ ದರಕ್ಕೆ ಗುಣಿಸಿ. ಕರಗಿಸುವವರು ಆ ಲೆಕ್ಕದ ಹತ್ತಿರ ಬಂದು ನಿಲ್ಲುತ್ತಾರೆ.

9 ಕ್ಯಾರೆಟ್ ಅಂತ ಮೂಗು ಮುರಿಯಬೇಡಿ. ಬ್ರಿಟನ್‌ನಲ್ಲಿ 1854ರಿಂದ ಅದಕ್ಕೆ ಕಾನೂನಿನ ಒಪ್ಪಿಗೆ ಇದೆ. ತೆಳು ತಗಡಿನ ಡಬ್ಬಿಗೆ ಗಟ್ಟಿ ಲೋಹ ಬೇಕು. ನಮ್ಮ 22 ಕ್ಯಾರೆಟ್‌ನಲ್ಲಿ ಮಾಡಿದ್ದರೆ ದಿನವೂ ತೆರೆದು ಮುಚ್ಚಿ ಸೊಟ್ಟಗಾಗಿರುತ್ತಿತ್ತು.

ಕೆಂಪಿನ ವಿಷಯ. ಫ್ರಾನ್ಸಿನ ವೆರ್ನೂಯಿ ಬೆಂಕಿಯ ಜ್ವಾಲೆಯಲ್ಲಿ ಕೆಂಪು ಬೆಳೆಸುವ ವಿಧಾನವನ್ನು 1902ರಲ್ಲೇ ಹೊರಗೆ ತಂದಿದ್ದ. 1940ರ ಹೊತ್ತಿಗೆ ದೊಡ್ಡ ಅಂಗಡಿಗಳ ಒಡವೆಯಲ್ಲೂ ಆ ಕಲ್ಲು ಮಾಮೂಲು. ಲೂಪ್, ಅಂದರೆ ಹರಳು ನೋಡುವ ಭೂತಗನ್ನಡಿ, ಹಿಡಿದು ನೋಡಿ. ಒಳಗೆ ಬಾಗಿದ ಗೆರೆ, ಸಣ್ಣ ಗುಳ್ಳೆ ಇದ್ದರೆ ಬೆಳೆಸಿದ್ದು. ನೇರ ಗೆರೆ, ರೇಷ್ಮೆ ಎಳೆಯಂಥದ್ದು ಕಂಡರೆ ಭೂಮಿಯದ್ದು. ಯುವಿ ಟಾರ್ಚನ್ನು ನಂಬಬೇಡಿ, ಅದರಲ್ಲಿ ಎರಡೂ ಕೆಂಪಗೆ ಹೊಳೆಯಬಹುದು.

ಮುಚ್ಚಳ, ತಳ ಎರಡರ ಮೇಲೂ ಬಂಗಾರ ಪರೀಕ್ಷೆ ಮಾಡಿ ಒತ್ತುವ ಮುದ್ರೆ (ಹಾಲ್‌ಮಾರ್ಕ್) ಇದೆಯಾ ನೋಡಿ. ಒಂದರಲ್ಲೇ ಇದ್ದರೆ ಇನ್ನೊಂದು ಆಮೇಲೆ ಸೇರಿಸಿದ್ದಿರಬಹುದು. ಗೆರೆಗಳನ್ನು ಓರೆ ಬೆಳಕಿನಲ್ಲಿ ನೋಡಿ. ಅದು ಯಂತ್ರಕ್ಕೆ ಕಟ್ಟಿ ಕೊರೆದ ಕೆಲಸ. ನೆಗ್ಗು ಎತ್ತಿದ್ದರೆ ಆ ಜಾಗದಲ್ಲಿ ಗೆರೆ ಅಲುಗುತ್ತದೆ.

ಲೆಸ್ಟರ್_ನಿವಾಸಿ:
ಹರಾಜಿನವರ ಕಮಿಷನ್ ಮರೀಬೇಡಿ ಅಕ್ಕ. ನಾನು ಎರಡು ವರ್ಷದ ಹಿಂದೆ ಒಂದು ಕಡೆ ಬೆಳ್ಳಿ ಸಿಗರೇಟ್ ಪೆಟ್ಟಿಗೆ ಕೂಗಿದೆ. ಸುತ್ತಿಗೆ ಬಿದ್ದ ಬೆಲೆಯೇ ಕೊನೆ ಅಂದುಕೊಂಡಿದ್ದೆ. ಬಿಲ್ ನೋಡಿ ಗಾಬರಿಯಾಯಿತು. 3,000ಕ್ಕೆ ನಿಮಗಾದರೆ, ಕಮಿಷನ್ 25% ಇದ್ದರೆ 750, ಅದರ ಮೇಲೆ 20% ವ್ಯಾಟ್ 150. ಒಟ್ಟು 3,900 ಕೊಡಬೇಕು.

ಕಾರ್ಟಿಯರ್ ಅಥವಾ ವ್ಯಾನ್ ಕ್ಲೀಫ್ ಅಂಡ್ ಆರ್ಪೆಲ್ಸ್‌ನಂಥ ದೊಡ್ಡ ಒಡವೆ ಕಂಪನಿಯ ಹೆಸರಿದೆಯಾ? ಇದ್ದರೆ ಬಂಗಾರದ ಲೆಕ್ಕವೇ ಬೇರೆ, ಹೆಸರಿಗೇ ದುಡ್ಡು.

ಕುಮಟಾ_ಮಗಳು:
ಹೆಸರಿಲ್ಲ. ಇವತ್ತು ಹೋಗಿ ಬಂದೆ, ಇನ್ನೂ ಮನಸ್ಸು ಅಲ್ಲೇ ಇದೆ.

ಎರಡೂ ಭಾಗದ ಮೇಲೆ ಮುದ್ರೆ ಇದೆ, ಲಂಗರಿನ ಗುರುತು! ಅಂದರೆ ಈ ಬರ್ಮಿಂಗ್‌ಹ್ಯಾಮ್‌ನ ಅಸ್ಸೇ ಆಫೀಸಿನದ್ದೇ. 1773ರಿಂದ ಇಲ್ಲಿ ಪರೀಕ್ಷೆ ಮಾಡಿ ಮುದ್ರೆ ಒತ್ತುತ್ತಿದ್ದಾರೆ. ಕೆಂಪು ಐದೂ ಬೆಳೆಸಿದ್ದು. ಬಾಗಿದ ಗೆರೆ ಚೆನ್ನಾಗಿ ಕಂಡಿತು. ನನಗೇನೂ ಬೇಜಾರಿಲ್ಲ, ಬಣ್ಣ ಅಷ್ಟು ಚೆಂದ.

ಬೇಜಾರಾಗಿದ್ದು ಕೀಲು ನೋಡಿ. ಒಳಬದಿಯಲ್ಲಿ ಬೂದು ಬಣ್ಣದ ಮೆತ್ತೆ. ಯಾರೋ ಸೀಸದ ಬೆಸುಗೆ ಹಾಕಿದ್ದಾರೆ. ಪಟ್ಟಿಯಲ್ಲಿ ಆ ವಿಷಯವೇ ಇಲ್ಲ. ಮುಚ್ಚಿದರೆ ಸದ್ದೂ ಮಂಕು. ಒಳಗೆ ಮೂಲೆಯಲ್ಲಿ ಇನ್ನೂ ಸ್ವಲ್ಪ ಗುಲಾಬಿ ಪೌಡರ್ ಅಂಟಿದೆ. ಕನ್ನಡಿಯ ಕೆಳತುದಿ ಮಾತ್ರ ಮಸುಕು. ಹೆಬ್ಬೆರಳು ತಾಗಿ ತಾಗಿ ಆಗಿದ್ದಿರಬೇಕು. ಆ ಹೆಂಗಸು ಎಷ್ಟು ವರ್ಷ ಅದನ್ನು ಹಿಡಿದುಕೊಂಡಿದ್ದಳೋ! ಆ ಕೀಲನ್ನು ಸರಿ ಮಾಡಿಸಬಹುದಾ ಅಣ್ಣ?

ನಗರ್ತಪೇಟೆ_ಕೆಲಸಗಾರ:
ಆಗುತ್ತದೆ. ಆದರೆ ಸೀಸ ಪೂರ್ತಿ ಕೆರೆದು ತೆಗೆಯುವ ತನಕ ಅದಕ್ಕೆ ಬೆಂಕಿ ತೋರಿಸಬಾರದು. ಕಾಯಿಸಿದರೆ ಸೀಸ ಬಂಗಾರವನ್ನು ತಿನ್ನುತ್ತದೆ, ತಗಡು ಬಿರುಕು ಬಿಡುತ್ತದೆ. ಕನ್ನಡಿ, ಹರಳು ಮೊದಲು ಬಿಚ್ಚಬೇಕು. ಅಲ್ಲೇ ನಿಮ್ಮೂರಿನ ಒಡವೆ ಕೆಲಸಗಾರರ ಬಡಾವಣೆ ಜ್ಯುವೆಲ್ಲರಿ ಕ್ವಾರ್ಟರ್‌ನಲ್ಲಿ ಬೆಂಚಿನ ಮೇಲೆ ಕೆಲಸ ಮಾಡುವವರಿದ್ದಾರಲ್ಲ, ಡಬ್ಬಿಯ ಕೀಲು ಕಟ್ಟಿ ಅಭ್ಯಾಸ ಇರುವವರನ್ನೇ ಹುಡುಕಿ. ಆ ಖರ್ಚನ್ನು ನಿಮ್ಮ ಬೆಲೆಯಿಂದ ಈಗಲೇ ಕಳೆಯಿರಿ.

ಕುಮಟಾ_ಮಗಳು:
ಕಳೆದೆ. 2,600ಕ್ಕೆ ನಿಲ್ಲಿಸುತ್ತೇನೆ. ಎಲ್ಲ ಸೇರಿ 3,380 ಆಗುತ್ತದೆ. ಸಿಕ್ಕರೆ ಕೀಲು ಮಾಡಿಸುತ್ತೇನೆ. ಪೌಡರನ್ನು ಮಾತ್ರ ಒರೆಸುವುದಿಲ್ಲ.