ಸುಮ್ನೆ ಮಲಗಿದ್ದಕ್ಕೂ ಒಂದು ಚೂರು ಕಡುಬು

ಹೊಸನಗರದ ಹತ್ತಿರದಿಂದ ಪ್ರಶ್ನೆ:
ನಮ್ಮ ನಾಯಿಗೆ ಒಂದೂವರೆ ವರ್ಷ, ಊರ ನಾಯಿಯೇ. ಯಾರು ಬಂದರೂ ಮೈಮೇಲೆ ಹಾರುತ್ತದೆ. ಅಂಗಳದಲ್ಲಿ ಹರಡಿದ ಅಡಿಕೆ ಮೇಲೆ ಓಡುತ್ತದೆ. ಬೈದರೆ ಇನ್ನೂ ಜಾಸ್ತಿ. ಹೊಡೆಯಲು ಮನಸ್ಸಿಲ್ಲ. ತಿಂಡಿ ಕೊಟ್ಟು ಕಲಿಸಿ ಅಂತಾರೆ, ಆದರೆ ಇಡೀ ದಿನ ತಿಂಡಿ ಹಿಡಿದು ಕೂರಲು ಆಗುತ್ತಾ? ಅನುಭವ ಇದ್ದವರು ಹೇಳಿ.

ತೀರ್ಥಹಳ್ಳಿಯಿಂದ:
ನಮ್ಮ ಮನೆಯಲ್ಲೂ ಹೀಗೇ ಇತ್ತು. ಹಾರಿದಾಗ ನಾವು 'ಹಚಾ' ಅಂತೇವೆ, ಕೈಯಿಂದ ತಳ್ಳುತ್ತೇವೆ. ಅದಕ್ಕೆ ಅದೇ ಆಟ. ಜಗಲಿಯಲ್ಲಿ ತೆಪ್ಪಗೆ ಮಲಗಿದ್ದಾಗ ಮಾತ್ರ ಯಾರೂ ತಿರುಗಿ ನೋಡುವುದಿಲ್ಲ, ಅಲ್ವಾ? ನಾನು ಬದಲಾಯಿಸಿದ್ದು ಇದೊಂದನ್ನೇ.

ಜಗಲಿಯ ಕಿಟಕಿಯಲ್ಲಿ ಒಂದು ಡಬ್ಬಿ ಇಟ್ಟೆ. ಬೆಳಿಗ್ಗೆ ಹತ್ತು ಚೂರು ಎಣಿಸಿ ಹಾಕುವುದು, ರಾತ್ರಿಯೊಳಗೆ ಖಾಲಿ ಮಾಡುವುದು. ಹಾಗಾಗಿ ದಿನಕ್ಕೆ ಹತ್ತು ಸಲ ಅದು ಮಾಡಿದ ಒಳ್ಳೆಯದನ್ನು ನಾನೇ ಹುಡುಕಬೇಕಾಯಿತು. ಸುಮ್ನೆ ಮಲಗಿದೆಯಾ, ಒಂದು ಚೂರು. ಅಡಿಕೆ ತುಳಿಯದೆ ಅಂಚಿನಲ್ಲೇ ಸುತ್ತಿ ಬಂತಾ, ಒಂದು ಚೂರು. ಕರೆಯದೆ ಬಂದು ಕೂತು ಮುಖ ನೋಡಿತಾ, ಅದಕ್ಕೂ.

ಒಳ್ಳೆಯದು ಮಾಡಿದ ಒಂದೆರಡು ಸೆಕೆಂಡಿನೊಳಗೇ ಕೊಡಬೇಕು. ಮೊದಮೊದಲು ನಾನು ಒಳಗೆ ಹೋಗಿ ತರುತ್ತಿದ್ದೆ. ಅಷ್ಟರಲ್ಲಿ ಅದು ಎದ್ದು ಬಂದು ಹಾರಿರುತ್ತಿತ್ತು. ಹಾರಿದ್ದಕ್ಕೇ ಸಿಕ್ಕಿತು ಅಂತ ಅದರ ಲೆಕ್ಕ! ಡಬ್ಬಿ ದೂರ ಇದ್ದರೆ ತಕ್ಷಣ 'ಶಾಬಾಸ್' ಅಂದು ಆಮೇಲೆ ಕೊಡಿ. ಅದಕ್ಕೂ ಮೊದಲು ಎರಡು ಮೂರು ದಿನ ಶಾಬಾಸ್ ಅನ್ನುವುದು, ಕೊಡುವುದು, ಇಷ್ಟೇ ಮಾಡಿ ರೂಢಿ ಮಾಡಿಸಿ. ಮನೆಯವರೆಲ್ಲ ಅದೇ ಪದ ಹೇಳಬೇಕು.

ಚೂರು ಅಂದರೆ ಬಟಾಣಿ ಕಾಳಿನಷ್ಟು. ಉಳಿದ ಕಡುಬು, ಚಪಾತಿ, ಬೇಯಿಸಿದ ಮೊಟ್ಟೆ, ಕ್ಯಾರೆಟ್ ಎಲ್ಲ ಆಗುತ್ತದೆ. ಅಷ್ಟನ್ನು ಊಟದಲ್ಲಿ ಕಡಿಮೆ ಮಾಡಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ಬೇಡವೇ ಬೇಡ, ನಾಯಿಗೆ ಅವು ವಿಷ. ಪಾಯಸದ ಒಣದ್ರಾಕ್ಷಿ ಎತ್ತಿ ಹಾಕುವ ಮಕ್ಕಳಿಗೆ ಇದನ್ನು ಮೊದಲು ಹೇಳಿ.

ಜನ ಬಂದಾಗ ನಾಲ್ಕೂ ಕಾಲು ನೆಲದ ಮೇಲಿದ್ದರೆ ಮಾತಾಡಿಸಲಿ, ಹಾರಿದರೆ ಬೆನ್ನು ತಿರುಗಿಸಿ ನಿಲ್ಲಲಿ. ಅಡಿಕೆ ಕೊನೆ ಕೊಯ್ಯಲು ಬರುವವರಿಗೂ ಹೇಳಿಟ್ಟಿದ್ದೆ. ಮೊದಲ ವಾರ ಹಾರುವುದು ಜಾಸ್ತಿಯೇ ಆಯಿತು. ಮುಂಚೆ ಸಿಗುತ್ತಿದ್ದದ್ದು ಸಿಗದಿದ್ದರೆ ಇನ್ನೂ ಜೋರು ಮಾಡಿ ನೋಡುತ್ತದೆ. ಆಗ ಮನೆಯಲ್ಲಿ ಒಬ್ಬರು ಸೋತರೂ ಕಷ್ಟ. ಕಲಿಯುವವರೆಗೆ ಅಡಿಕೆ ಹರಡಿದ ಹೊತ್ತಲ್ಲಿ ಜಗಲಿಯಲ್ಲೇ ಕಟ್ಟಿ, ಒಂದು ಮೂಳೆ ಕೊಟ್ಟುಬಿಡಿ. ಬೇಯಿಸಿದ ಮೂಳೆ ಬೇಡ, ಸೀಳಿ ಗಂಟಲಿಗೆ ಚುಚ್ಚುತ್ತದೆ.

ಶಿವಮೊಗ್ಗದಿಂದ:
ಯಾವಾಗಲೂ ತಿಂಡಿಯೇ ಆಗಬೇಕಂತಿಲ್ಲ. ನಮ್ಮದು ಗೇಟು ತೆರೆದರೆ ರಸ್ತೆಗೆ ನುಗ್ಗುತ್ತಿತ್ತು. ಕೂತರೆ ಗೇಟು ತೆರೆಯುವುದು, ಎದ್ದರೆ ಮುಚ್ಚುವುದು, ಇಷ್ಟೇ ಮಾಡಿದೆ. ಅದಕ್ಕೆ ಬೇಕಾದದ್ದು ಹೊರಗಿನ ಸುತ್ತಾಟ. ಅದೇ ಬಹುಮಾನ.

ಸಾಗರದಿಂದ:
ತೀರ್ಥಹಳ್ಳಿಯವರು ಹೇಳಿದ್ದು ಸರಿ. ನಾವು ಅದನ್ನೇ ಉಣುಗು ತೆಗೆಯಲು ಬಳಸಿದೆವು. ಕಿವಿ ಮುಟ್ಟಿದರೆ ಗುರ್ ಅನ್ನುತ್ತಿದ್ದ ನಾಯಿ ಅದು. ಮೊದಲು ಬರೀ ಮುಟ್ಟಿ ಒಂದು ಚೂರು. ಮೂರನೇ ದಿನ ಕಿವಿ ಮಡಚಿ ಒಂದು ಚೂರು. ಗುರ್ ಅಂದರೆ ಒಂದು ಹೆಜ್ಜೆ ಹಿಂದಕ್ಕೆ. ತಿಂಗಳಲ್ಲಿ ತಾನೇ ಬಂದು ತಲೆ ಚಾಚಿತು. ನಮ್ಮ ಜಿಲ್ಲೆಯಲ್ಲಿ ಉಣುಗು ಸಣ್ಣ ವಿಷಯವಲ್ಲ. ಮಂಗನ ಕಾಯಿಲೆ ಹರಡುವುದು ಕಾಡಿನ ಉಣುಗಿನಿಂದಲೇ. 1957ರಲ್ಲಿ ಅದು ಮೊದಲು ಗೊತ್ತಾದದ್ದು ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ತೆಗೆಯುವಾಗ ಚಿಮ್ಮಟ ಬಳಸಿ, ಬರಿಗೈಯಲ್ಲಿ ಹಿಸುಕಬೇಡಿ.

ಹೊಸನಗರದಿಂದ:
ಎಲ್ಲರಿಗೂ ಧನ್ಯವಾದ. ಇವತ್ತೇ ಡಬ್ಬಿ ಇಟ್ಟೆ. ಕಲಿತ ಮೇಲೆ ತಿಂಡಿ ನಿಲ್ಲಿಸಬಹುದಾ?

ತೀರ್ಥಹಳ್ಳಿಯಿಂದ:
ಪೂರ್ತಿ ನಿಲ್ಲಿಸಬೇಡಿ. ಎರಡು ಸಲಕ್ಕೊಮ್ಮೆ, ಆಮೇಲೆ ನಾಲ್ಕೈದು ಸಲಕ್ಕೊಮ್ಮೆ ಮಾಡಿ. ಯಾವಾಗ ಸಿಗುತ್ತೆ ಅಂತ ಅದಕ್ಕೆ ಗೊತ್ತಾಗಬಾರದು. ಆದರೆ ಶಾಬಾಸ್ ಪ್ರತಿ ಸಲವೂ ಇರಲಿ.