‘ಸೆವೆನ್’ 4ಕೆ ಡಿಸ್ಕ್: ಈ ಕಪ್ಪು ಸರಿ ಇದೆಯಾ? ಸಹಾಯ ಬೇಕು

ನಮಸ್ಕಾರ ಎಲ್ಲರಿಗೂ. ಬೆಳಗಾವಿಯ ಟಿಳಕವಾಡಿಯಲ್ಲಿ ಗೆಳೆಯರೆಲ್ಲ ಸೇರಿ ಡೇವಿಡ್ ಫಿಂಚರ್ ಅವರ 1995ರ ಸಿನಿಮಾ ‘ಸೆವೆನ್’ ನೋಡುತ್ತಿದ್ದೇವೆ. 2025ರಲ್ಲಿ ಬಂದ 4ಕೆ ಡಿಸ್ಕ್. ಮೊದಲ ಕೊಲೆಯಾದ ಮನೆಯ ಸೀನ್‌ನಲ್ಲಿ ಟಾರ್ಚ್ ಬೆಳಕು ಬಿದ್ದಷ್ಟು ಜಾಗ ಬಿಟ್ಟರೆ ನಮ್ಮ ಟಿವಿಯಲ್ಲಿ ಗೋಡೆ, ಕೋಟು ಎಲ್ಲ ಒಂದೇ ಕಪ್ಪು. 1995ರಲ್ಲಿ ಥಿಯೇಟರಿಗೆ ಹೋದ ಕೆಲವು ಫಿಲ್ಮ್ ಪ್ರಿಂಟ್‌ಗಳಲ್ಲಿ, ಸಂಸ್ಕರಿಸುವಾಗ ಫಿಲ್ಮಿನಲ್ಲಿರುವ ಬೆಳ್ಳಿಯನ್ನು ಪೂರ್ತಿ ತೆಗೆಯದೆ ಉಳಿಸಿ, ಕಪ್ಪನ್ನು ಬೇಕಂತಲೇ ಗಾಢ ಮಾಡಿದ್ದರು. ಹಾಗಾಗಿ ಸುಮ್ನೆ ಬ್ರೈಟ್‌ನೆಸ್ ಏರಿಸಲು ನನಗೆ ಮನಸ್ಸಿಲ್ಲ. ಮುಖಗಳೂ ಸ್ವಲ್ಪ ಜಾಸ್ತಿ ನುಣುಪಾಗಿ ಕಾಣುತ್ತಿವೆ. ಗ್ರೇನ್ (ಫಿಲ್ಮಿನ ಸಣ್ಣ ಸಣ್ಣ ಕಣಗಳು) ಇರಬೇಕಲ್ವಾ? ಟಿವಿಯ ನಾಯ್ಸ್ ರಿಡಕ್ಷನ್, ಶಾರ್ಪ್‌ನೆಸ್ ಎರಡನ್ನೂ ಆಫ್ ಮಾಡಿದ್ದೇವೆ.

ಓಎಲ್‌ಇಡಿ ಟಿವಿ ಇರುವವರು ದಯವಿಟ್ಟು ಇದೇ ಸೀನ್ ನೋಡಿ ಹೇಳಿ: ಕೋಟಿನ ಮಡಿಕೆ ಕಾಣುತ್ತದೆಯಾ? ಹಳೆಯ ಬ್ಲೂ-ರೇ ಜೊತೆ ಹೋಲಿಸಿದವರಿದ್ದರೆ ಇನ್ನೂ ಒಳ್ಳೆಯದು.